ಹಬ್ಬದ ಮಾಂಸ: ಹಲಾಲ್ ಜೊತೆಗೆ ತಯ್ಯಿಬ್ ಕೂಡ ಆಗಿರಲಿ

ಪವಿತ್ರ ಕುರ್‌ಆನ್ ನಮ್ಮ ಆಹಾರದ ಬಗ್ಗೆ ಹೇಳುವಾಗ ಎರಡು ಪದಗಳನ್ನು ಜೊತೆಯಾಗಿ ಇಡುತ್ತದೆ: ಹಲಾಲ್ ಮತ್ತು ತಯ್ಯಿಬ್ (ಅಲ್ ಬಕರ: 168). ಧರ್ಮ ಅನುಮತಿಸಿದ್ದು ಹಲಾಲ್. ಶುದ್ಧವೂ ಹಿತಕರವೂ ಆದದ್ದು ತಯ್ಯಿಬ್. ಮೊದಲನೆಯ ಪದ ನಮ್ಮ ನಾಲಿಗೆಯ ಮೇಲೆ ಸದಾ ಇರುತ್ತದೆ, ಎರಡನೆಯದನ್ನು ಮರೆಯುತ್ತೇವೆ. ಈದ್ ಊಟಕ್ಕೆ ಬಡೇ ಕಾ ಗೋಶ್ತ್‌ನ ಇಡೀ ತುಂಡು ತಂದು ರೋಸ್ಟ್ ಮಾಡಬೇಕೆಂದಿರುವ ಬೆಳಗಾವಿ ಮತ್ತು ಖಾನಾಪುರದ ಕುಟುಂಬಗಳು ಇವೆರಡನ್ನೂ ಒಟ್ಟಿಗೆ ನೋಡಬೇಕಾಗಿದೆ.

ಕಾನೂನು ಏನು ಹೇಳುತ್ತದೆ?

1964ರ ಹಳೆಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು ಮತ್ತು ಎಮ್ಮೆಗೆ ಅನುಮತಿ ಸಿಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆ ಅದನ್ನು ಬದಲಿಸಿತು. ಈಗ ಹಸು, ಕರು, ಹೋರಿ, ಎತ್ತು ಯಾವುದನ್ನೂ ವಧಿಸುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಮತ್ತು ಕೋಣಕ್ಕೆ ಮಾತ್ರ, ಅಧಿಕಾರಿಯ ಪ್ರಮಾಣಪತ್ರ ಇದ್ದರೆ, ಪರವಾನಗಿ ಪಡೆದ ಕಸಾಯಿಖಾನೆಯಲ್ಲಿ ಅವಕಾಶವಿದೆ. ತಪ್ಪಿದರೆ 3ರಿಂದ 7 ವರ್ಷ ಜೈಲು, 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡ.

ಖಾನಾಪುರದವರು ಇನ್ನೊಂದು ಮಾತು ಗಮನಿಸಬೇಕು. ತಾಲೂಕಿನ ಒಂದು ಕಡೆ ಗೋವಾ, ಇನ್ನೊಂದು ಕಡೆ ಮಹಾರಾಷ್ಟ್ರ. ಮೂರು ರಾಜ್ಯಗಳ ಕಾನೂನು ಬೇರೆ ಬೇರೆ. ಗೋವಾದಲ್ಲಿ ಪ್ರಮಾಣಪತ್ರದೊಂದಿಗೆ ಎತ್ತಿನ ವಧೆಗೂ ಅವಕಾಶವಿದೆ. ಮಹಾರಾಷ್ಟ್ರ 2015ರಲ್ಲೇ ಎತ್ತು, ಹೋರಿಗಳನ್ನು ನಿಷೇಧಿಸಿದೆ. ಗಡಿಯ ಆಚೆ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಮಾಂಸ ನಮ್ಮ ಕಾಯ್ದೆಯ ಲೆಕ್ಕದಲ್ಲಿ ನಿಷಿದ್ಧ ಜಾನುವಾರಿನದಾಗಿರಬಹುದು. ನೆಂಟರ ಮನೆಗೆ ಹೋದವರು ಅಲ್ಲಿಂದ ಚೀಲದಲ್ಲಿ ಮಾಂಸ ತರುವುದು ಬೇಡ. ಒಂದು ಹೊತ್ತಿನ ಊಟಕ್ಕಾಗಿ ಮನೆಯ ಹುಡುಗ ಠಾಣೆಯ ಮೆಟ್ಟಿಲು ಹತ್ತಬಾರದು.

ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು?

ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ತಂದುಕೊಡುವ ಮಾಂಸದ ಮೇಲೆ ಅಲ್ಲಾಹನ ನಾಮ ಹೇಳಿದ್ದಾರೋ ಇಲ್ಲವೋ ಎಂದು ಕೆಲವರು ಪ್ರವಾದಿ(ಸ)ಯವರಲ್ಲಿ ಕೇಳಿದ್ದರು. ನೀವು ಬಿಸ್ಮಿಲ್ಲಾ ಹೇಳಿ ತಿನ್ನಿರಿ ಎಂಬ ಅರ್ಥದ ಉತ್ತರ ಬಂತು. ಹಜ್ರತ್ ಆಯಿಶಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿಯಲ್ಲಿದೆ. ಮುಸ್ಲಿಮ್ ಖಸಾಯಿಯ ಚೂರಿಯ ಬಗ್ಗೆ ಸಂಶಯದಿಂದ ಕೆದಕಬೇಕಾಗಿಲ್ಲ ಎಂಬುದು ಇದರಿಂದ ಸ್ಪಷ್ಟ.

ಆದರೆ ಪ್ರಾಣಿ ಎಲ್ಲಿಂದ ಬಂತು ಎಂಬುದು ಬೇರೆ ಪ್ರಶ್ನೆ. ಕದ್ದ ಎಮ್ಮೆಯ ಮಾಂಸ ಎಂದು ಗೊತ್ತಿದ್ದೂ ಕೊಂಡರೆ, ಬಿಸ್ಮಿಲ್ಲಾ ಹೇಳಿ ಕೊಯ್ದಿದ್ದರೂ ನಾವು ಕಳ್ಳತನದ ಪಾಲುದಾರರು. ಹಾಲು ಮಾರಿ ಬದುಕುವ ರೈತನ ಕೊಟ್ಟಿಗೆ ಖಾಲಿ ಮಾಡಿ ನಮ್ಮ ಹಬ್ಬ ಆಗಬಾರದು. “ಭಾಯಿ, ಇದು ಯಾವ ಕಸಾಯಿಖಾನೆಯದು? ಬಿಲ್ ಕೊಡ್ತೀರಾ?” ಎಂದು ಕೇಳುವುದು ಅವಮಾನವಲ್ಲ. ನೇರವಾಗಿ ವ್ಯಾಪಾರ ಮಾಡುವವರು ನೇರವಾಗಿಯೇ ಉತ್ತರಿಸುತ್ತಾರೆ. ಅಂಗಡಿಯಲ್ಲಿ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ತೂಗುಹಾಕಿದ್ದಾರೆಯೇ, ತಕ್ಕಡಿಯ ಮೇಲೆ ಮಾಪನ ಇಲಾಖೆಯ ಮುದ್ರೆ ಇದೆಯೇ ನೋಡಿರಿ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಬಿಲ್ ಇಲ್ಲ, ಉತ್ತರವೂ ಇಲ್ಲ, ದರ ಮಾತ್ರ ತೀರಾ ಕಡಿಮೆ ಎಂದಾದರೆ ಮುಂದಿನ ಅಂಗಡಿಗೆ ನಡೆಯಿರಿ.

ತುಂಡು ಆರಿಸುವುದು

ಎಮ್ಮೆಯ ಮಾಂಸ ಕಡುಗೆಂಪು, ಅದರ ಕೊಬ್ಬು ಬಿಳಿ. ಹಸು ಮತ್ತು ಎತ್ತಿನ ಕೊಬ್ಬು ಸಾಮಾನ್ಯವಾಗಿ ಹಳದಿ ಛಾಯೆಯದು. ಇದು ಒಂದು ಗುರುತು ಅಷ್ಟೇ, ಬಿಲ್‌ಗೆ ಬದಲಿ ಅಲ್ಲ. ಒಳ್ಳೆಯ ಮಾಂಸವನ್ನು ಬೆರಳಿನಿಂದ ಒತ್ತಿದರೆ ಕುಳಿ ಮತ್ತೆ ಮೇಲೇಳುತ್ತದೆ. ಅಂಟು, ಲೋಳೆ, ಹುಳಿ ವಾಸನೆ ಇದ್ದರೆ ಬೇಡ. ನೀರು ತೊಟ್ಟಿಕ್ಕುವ ಮಾಂಸಕ್ಕೆ ಹಣ ಕೊಟ್ಟರೆ ನೀರಿಗೂ ಕೊಟ್ಟಂತೆ.

ನಮಗೆ ಸಿಗುವುದು ವಯಸ್ಸಾದ ಎಮ್ಮೆಯ ಮಾಂಸ, ಆದ್ದರಿಂದ ಗಟ್ಟಿ. ಎಳೆಯ ದನದ ಮಾಂಸಕ್ಕೆ ಬರೆದ ಪಾಕವಿಧಾನ ನೋಡಿ ಒಲೆಯ ಮೇಲೆ ಬೇಗ ಹುರಿದರೆ ಹಲ್ಲಿಗೆ ಕಷ್ಟ. ಅಂಡರ್‌ಕಟ್ ಮೃದು, ಆದರೆ ಒಂದು ಪ್ರಾಣಿಯಲ್ಲಿ ಸಿಗುವುದೇ ಸ್ವಲ್ಪ. ರೋಸ್ಟ್‌ಗೆ ರಾನ್ ಅಥವಾ ದಸ್ತ್ ಭಾಗದ ಎಲುಬಿಲ್ಲದ ಒಂದೇ ತುಂಡು ಸಾಕು. ಸೀನಾ ಭಾಗದಲ್ಲಿ ಕೊಬ್ಬು, ನಾರು ಹೆಚ್ಚು. ನಿಧಾನ ಬೇಯಿಸುವವರಿಗೆ ಅದರ ರುಚಿ ಹೆಚ್ಚು. ಒಂದೂವರೆ ಕಿಲೋ ತುಂಡು ಕತ್ತರಿಸದೆ ಬೇಕು ಎಂದು ಖಸಾಯಿಗೆ ಎರಡು ದಿನ ಮೊದಲೇ ಹೇಳಿಡಿ. ಹಬ್ಬದ ಮುಂಜಾನೆಯ ಗದ್ದಲದಲ್ಲಿ ಯಾರಿಗೂ ಆರಿಸಲು ಪುರುಸೊತ್ತಿರುವುದಿಲ್ಲ.

ಎಲುಬಿಲ್ಲದ ಮಾಂಸ ತಲೆಗೆ ಸುಮಾರು 190 ಗ್ರಾಂ ಲೆಕ್ಕ ಹಾಕಿದರೆ ಎಂಟು ಜನರಿಗೆ ಒಂದೂವರೆ ಕಿಲೋ ಸಾಕು. ಬೆಂದಾಗ ಸುಮಾರು ಕಾಲು ಭಾಗ ಕುಗ್ಗುತ್ತದೆ, ಆದರೆ ಜೊತೆಗೆ ಬಿರಿಯಾನಿ, ಶೀರ್ ಖುರ್ಮಾ ಇದ್ದೇ ಇರುತ್ತದೆ.

ಬೇಯಿಸುವುದು

ಪ್ರಾಣಿ ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆಯುತ್ತದೆ. ಒಂದು ದಿನ ಫ್ರಿಜ್‌ನಲ್ಲಿಟ್ಟರೆ ಸಡಿಲವಾಗುತ್ತದೆ. ಆದ್ದರಿಂದ ಹಿಂದಿನ ದಿನ ಕೊಳ್ಳುವುದು ಲೇಸು. ಉಪ್ಪು, ಶುಂಠಿ-ಬೆಳ್ಳುಳ್ಳಿ, ಮೊಸರು ಹಚ್ಚಿ ರಾತ್ರಿಯಿಡೀ ಇಡಬಹುದು. ಹಸಿ ಪಪ್ಪಾಯಿ ಅರೆದು ಹಚ್ಚುವವರು ಅದನ್ನು ಎರಡು-ಮೂರು ಗಂಟೆಗೆ ಮಿತಿಗೊಳಿಸಲಿ. ಹೆಚ್ಚಾದರೆ ಮೇಲ್ಭಾಗ ಹಿಟ್ಟಿನಂತಾಗುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ತುಂಡಿನ ಎಲ್ಲ ಬದಿಗಳನ್ನೂ ಕೆಂಪಗೆ ಹುರಿದು, ಈರುಳ್ಳಿ, ಮೆಣಸು, ಎರಡು ಲೋಟ ಬಿಸಿನೀರು ಹಾಕಿ ಮುಚ್ಚಳ ಬಿಗಿಯಿರಿ. ಸಣ್ಣ ಉರಿಯಲ್ಲಿ ಮೂರು ಗಂಟೆ, ಕುಕ್ಕರ್‌ನಲ್ಲಾದರೆ ಮುಕ್ಕಾಲು ಗಂಟೆ. ನಾರು ಕರಗುವುದಕ್ಕೆ ಬೇಕಾದದ್ದು ದೊಡ್ಡ ಉರಿಯಲ್ಲ, ಹೊತ್ತು. ಇಳಿಸಿ ಕಾಲು ಗಂಟೆ ಬಿಟ್ಟು, ಎಳೆಗಳಿಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಿರಿ.

ದಾರಿಯಲ್ಲಿ, ಬೀದಿಯಲ್ಲಿ

ಬೆಳಗಾವಿಯಲ್ಲಿ ಕೊಂಡು ಖಾನಾಪುರಕ್ಕೆ ಒಯ್ಯುವವರು ಮಾಂಸವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಬಿಲ್ ಜೊತೆಗಿಟ್ಟುಕೊಳ್ಳಿ. ಪೊಲೀಸರು ಕೇಳಿದರೆ ಶಾಂತವಾಗಿ ತೋರಿಸಿ. ಬೇರೆ ಯಾರಾದರೂ ಅಡ್ಡಗಟ್ಟಿದರೆ ವಾದಕ್ಕಿಳಿಯದೆ 112ಕ್ಕೆ ಕರೆ ಮಾಡಿ. ಮಾಂಸದ ಫೋಟೋಗಳನ್ನು ಮೊಬೈಲ್‌ನಲ್ಲಿ ಹಂಚುವುದು, ಎಲುಬು, ಕಸವನ್ನು ಚರಂಡಿಗೆ ಎಸೆಯುವುದು ಬೇಡ. ನೆರೆಯವರ ಮನಸ್ಸನ್ನು ನೋಯಿಸದಿರುವುದೂ ನಮ್ಮ ದೀನ್‌ನ ಭಾಗ.

ನಂಬಿಕೆಯ ಕಡೆಯಿಂದ ಎಮ್ಮೆ ಮಾಂಸ ಸಿಗದಿದ್ದರೆ ಕುರಿಯ ಸಣ್ಣ ರಾನ್ ಅಥವಾ ಇಡೀ ಕೋಳಿ ತನ್ನಿರಿ. ಕೈಯಲ್ಲಿ ಹಣವಿಲ್ಲದವರು ಸಾಲ ಮಾಡುವುದು ಬೇಡ. ಈದ್‌ಗೆ ಇಂಥದ್ದೇ ಮಾಂಸ ಆಗಬೇಕೆಂದು ಯಾವ ಹುಕುಮೂ ಇಲ್ಲ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಮನೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ)ಯವರು ಅಬೂದರ್(ರ)ರಿಗೆ ಕಲಿಸಿದ್ದರು. ಪಾತ್ರೆಯ ತಳದಲ್ಲಿ ಉಳಿಯುವ ಗಾಢ ರಸ ಅದಕ್ಕೆ ತಕ್ಕದ್ದು. ಈ ಸಲ ಒಲೆ ಹೊತ್ತಿಸುವ ಮೊದಲೇ, ನಮ್ಮ ಓಣಿಯಲ್ಲಿ ಯಾವ ಮನೆಗೆ ಹಬ್ಬದ ಮಾಂಸ ಬಂದಿಲ್ಲ ಎಂದು ವಿಚಾರಿಸೋಣ.