ಹುರಿ: ಒಲೆಯ ಮೇಲೊಂದು, ದಾರದಲ್ಲೊಂದು

ಶೇಂಗಾ ಹುರಿಯುವುದು ಅಡುಗೆಮನೆಯ ಕೆಲಸ. ದಾರಕ್ಕೆ ಹುರಿ ಹಾಕುವುದು ಹೊಲಿಗೆಯವರ ಕೆಲಸ. ಎರಡಕ್ಕೂ ಕನ್ನಡದಲ್ಲಿ ಇರುವ ಮಾತು ಒಂದೇ, ಅರ್ಥ ಮಾತ್ರ ಬೇರೆ ಬೇರೆ. ಒಂದರಲ್ಲಿ ಕಾವು, ಇನ್ನೊಂದರಲ್ಲಿ ತಿರುಚು. ಮಿರಜ ತಾಲೂಕಿನ ಸಮಡೋಳಿಯಂಥ ಊರುಗಳಲ್ಲಿ ಬೀದಿಯ ಮಾತು ಮರಾಠಿ. ಕನ್ನಡ ಉಳಿದಿರುವುದು ಮನೆಯೊಳಗೆ. ಅಲ್ಲಿ ಬೆಳೆಯುವ ಮಕ್ಕಳಿಗೆ ಈ ಎರಡು ಅರ್ಥಗಳೂ ಒಟ್ಟಿಗೆ ದೊರೆಯುತ್ತಿವೆಯೇ ಎಂಬುದು ಯೋಚಿಸಬೇಕಾದ ಸಂಗತಿ.

ಒಂದೇ ಬೇರಿನಿಂದ ಎರಡು ಅರ್ಥ ಕವಲೊಡೆದಿರಬಹುದೆಂದು ಮೇಲುನೋಟಕ್ಕೆ ತೋರುತ್ತದೆ. ನಿಜಸ್ಥಿತಿ ಹಾಗಿಲ್ಲ. ಟಿ. ಬರೋ ಮತ್ತು ಎಂ. ಬಿ. ಎಮೆನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವು ಇವೆರಡನ್ನೂ ಬೇರೆ ಬೇರೆ ಮೂಲಗಳಿಗೆ ಸೇರಿಸುತ್ತದೆ. ತಮಿಳಿನಲ್ಲಿ ಕಾಳು ಹುರಿಯುವುದಕ್ಕೆ ‘ಪೊರಿ’ ಎಂದೂ, ಎಳೆಯ ತಿರುಚಿಗೆ ‘ಪುರಿ’ ಎಂದೂ ಇಂದಿಗೂ ಎರಡು ರೂಪಗಳಿವೆ. ಕನ್ನಡದಲ್ಲಿ ಅವು ಒಂದಾದದ್ದು ಧ್ವನಿಬದಲಾವಣೆಯ ಫಲ. ಮುಂದಿನ ಅಕ್ಷರದಲ್ಲಿ ಇಕಾರ ಅಥವಾ ಉಕಾರ ಬಂದಾಗ ಹಿಂದಿನ ಎಕಾರವು ಇಕಾರವಾಗಿ, ಒಕಾರವು ಉಕಾರವಾಗಿ ಮಾರ್ಪಡುವುದು ಕನ್ನಡದ ಒಂದು ಹಳೆಯ ನಡೆ. ತಮಿಳಿನ ‘ಎಲಿ’ ನಮ್ಮಲ್ಲಿ ‘ಇಲಿ’ಯಾಗಿರುವುದು, ‘ಪೊಡಿ’ ನಮ್ಮಲ್ಲಿ ‘ಪುಡಿ’ಯಾಗಿರುವುದು ಹೀಗೆಯೇ. ಅದೇ ದಾರಿಯಲ್ಲಿ ‘ಪೊರಿ’ಯೂ ‘ಪುರಿ’ಯಾಯಿತು. ಬಳಿಕ ‘ಪುಲಿ’ಯು ‘ಹುಲಿ’ಯಾದಂತೆ ಎರಡೂ ‘ಹುರಿ’ಗಳಾದವು. ಮೈಸೂರು ಸೀಮೆಯಲ್ಲಿ ಮಂಡಕ್ಕಿಗೆ ಇಂದಿಗೂ ‘ಪುರಿ’ ಎನ್ನುತ್ತಾರೆ. ಹಳೆಯ ಪಕಾರ ಅಲ್ಲಿ ಉಳಿದುಕೊಂಡಿದೆ. ನಮ್ಮ ಕಡೆಯ ಚುರಮುರಿ ಅದೇ ತಿನಿಸು.

ಎರಡು ಅರ್ಥಗಳನ್ನು ಬೇರ್ಪಡಿಸಿ ತೋರಿಸುವುದು ಕೈಯ ಕೆಲಸ. ಹುರಿಯುವುದೆಂದರೆ ಎಣ್ಣೆಯಿಲ್ಲದೆ, ಇಲ್ಲವೇ ತುಸುವೇ ಎಣ್ಣೆ ಹಾಕಿ, ಕೈಯಾಡಿಸುತ್ತ ಒಣಕಾವಿನಲ್ಲಿ ಹದಗೊಳಿಸುವುದು. ತುಂಬಿದ ಎಣ್ಣೆಯಲ್ಲಿ ಬೇಯಿಸಿದರೆ ಅದು ಕರಿಯುವುದು. ಕೆಂಡದ ಮೇಲಿಟ್ಟರೆ ಸುಡುವುದು. ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಕಾಳಿನೊಳಗಿನ ತೇವವು ಆವಿಯಾಗಿ ಸಿಪ್ಪೆಯನ್ನು ಸೀಳುತ್ತದೆ. ಕಾಳು ಚಟಪಟನೆ ಅರಳುತ್ತದೆ. ಆ ಸದ್ದು ಕೇಳಿದ ಮಗುವಿಗೆ ‘ಅರಳು ಹುರಿದಂತೆ ಮಾತಾಡುವುದು’ ಎಂಬ ನುಡಿಗಟ್ಟನ್ನು ವಿವರಿಸಬೇಕಾಗಿಲ್ಲ. ಕೇಳದ ಮಗುವಿಗೆ ಅದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಒಂದು ಸಾಲು ಮಾತ್ರ.

ದಾರದ ಹುರಿಯದು ಬೇರೆ ಬಗೆ. ಹೊಲಿಗೆಯ ದಾರದಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಎಳೆಗಳಿರುತ್ತವೆ. ಪ್ರತಿ ಎಳೆಯನ್ನೂ ಒಂದು ದಿಕ್ಕಿಗೆ ತಿರುಚಿ, ಬಳಿಕ ಎಲ್ಲವನ್ನೂ ಕೂಡಿಸಿ ಎದುರು ದಿಕ್ಕಿಗೆ ತಿರುಚುತ್ತಾರೆ. ಎರಡು ತಿರುಚುಗಳೂ ಒಂದನ್ನೊಂದು ಹಿಡಿದು ನಿಲ್ಲಿಸುವುದರಿಂದ ದಾರ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಮಕ್ಕಳು ಮನೆಯಲ್ಲಿಯೇ ಮಾಡಿ ನೋಡಬಹುದು: ಒಂದು ಮೊಳ ನೂಲನ್ನು ಬಿಗಿಯಾಗಿ ತಿರುಚಿ, ನಡುವೆ ಮಡಚಿ, ಎರಡು ತುದಿಗಳನ್ನು ಜೋಡಿಸಿದರೆ ಅದು ತಾನೇ ಎದುರು ದಿಕ್ಕಿಗೆ ಸುತ್ತಿಕೊಂಡು ಹುರಿಯಾಗುತ್ತದೆ. ಕೌದಿ ಹೊಲಿಯುವ ಅಜ್ಜಿಯ ಸೂಜಿಯ ಕಣ್ಣಿನಿಂದ ಹಿಡಿದು ಇಚಲಕರಂಜಿಯ ಮಗ್ಗಗಳವರೆಗೆ ನೂಲಿನ ಬಲವು ಈ ತಿರುಚನ್ನೇ ನಂಬಿದೆ.

ಈ ಬಲದ ಅರ್ಥವೇ ಮುಂದೆ ಮನುಷ್ಯನಿಗೂ ಬಂದಿತು. ಗಟ್ಟಿಮುಟ್ಟಾದ ಮೈ ‘ಹುರಿಗಟ್ಟಿದ ಮೈ’. ತಿರುವಿದ ಮೀಸೆ ‘ಹುರಿ ಮೀಸೆ’. ಧೈರ್ಯ ತುಂಬುವುದು ‘ಹುರಿದುಂಬಿಸುವುದು’. ಶಾಲೆಯ ವ್ಯಾಕರಣಕ್ಕೆ ಇದೊಂದು ಒಳ್ಳೆಯ ಉದಾಹರಣೆ: ಹುರಿ ಮತ್ತು ತುಂಬಿಸು ಸೇರಿ, ತಕಾರಕ್ಕೆ ದಕಾರ ಬಂದು ಆದೇಶ ಸಂಧಿಯಾಗಿದೆ. ದಾರದ ಹುರಿಯನ್ನು ಅರಿಯದ ವಿದ್ಯಾರ್ಥಿ ಇದನ್ನು ‘ಹುರಿದು’, ‘ಉಂಬಿಸು’ ಎಂದು ಬಿಡಿಸಿ, ಹುರಿದು ಉಣಿಸುವುದೆಂದು ತಿಳಿದರೆ ಆಶ್ಚರ್ಯವಿಲ್ಲ. ಒಲೆಯ ಹುರಿಯಿಂದ ಬಂದ ‘ಹುರಿದು ಮುಕ್ಕು’ ಎಂಬ ಮಾತಿಗಾದರೋ ಪೀಡಿಸುವುದೆಂಬ ಅರ್ಥ. ಯಾವ ಹುರಿ ಎಂಬುದನ್ನು ತಿಳಿಯದಿದ್ದರೆ ಪ್ರೋತ್ಸಾಹಕ್ಕೂ ಪೀಡನೆಗೂ ವ್ಯತ್ಯಾಸ ತಿಳಿಯದು.

ಮರಾಠಿಯಲ್ಲಿ ಈ ಗೊಂದಲವಿಲ್ಲ. ಹುರಿಯುವುದು ‘ಭಾಜಣೆ’, ದಾರದ ತಿರುಚು ‘ಪೀಳ’. ಮೀಸೆಗೂ ಅವರು ಪೀಳವನ್ನೇ ಕೊಡುತ್ತಾರೆ. ‘ಸುಂಭ ಜಳಾಲಾ ತರೀ ಪೀಳ ಜಳತ ನಾಹೀ’ ಎಂಬುದು ಅವರ ಗಾದೆ. ನಾರಿನ ಹಗ್ಗ ಸುಟ್ಟರೂ ಅದರ ಹುರಿ ಸುಡದು ಎಂದರ್ಥ. ಎಲ್ಲ ಹೋದರೂ ಬಿಗುಮಾನ ಬಿಡದವರ ಕುರಿತ ಮಾತು. ಅದೇ ತಿರುಚಿನಲ್ಲಿ ಮರಾಠಿಯು ಗರ್ವವನ್ನು ಕಂಡರೆ ಕನ್ನಡವು ಉತ್ಸಾಹವನ್ನು ಕಂಡಿತು. ಎರಡು ಭಾಷೆಗಳ ನಡುವೆ ಬದುಕುವ ಮಗುವಿಗೆ ಈ ಎರಡು ನೋಟಗಳೂ ಸಲ್ಲಬೇಕಾದ ಆಸ್ತಿ.

ಆದರೆ ಮನೆಯಲ್ಲಿಯೂ ‘ಶೇಂಗಾ ಭಾಜು’, ‘ದಾರಕ್ಕೆ ಪೀಳ ಹಾಕು’ ಎಂಬ ಮಾತು ರೂಢಿಯಾದರೆ, ಕಳೆದುಹೋಗುವುದು ಒಂದು ಪದವಲ್ಲ. ಎರಡು ಪದಗಳು ಹೋಗುತ್ತವೆ. ಅವುಗಳನ್ನು ಆಧರಿಸಿದ ನುಡಿಗಟ್ಟುಗಳೂ ಅರ್ಥ ಕಳೆದುಕೊಳ್ಳುತ್ತವೆ. ಪಠ್ಯಪುಸ್ತಕವು ಪದವನ್ನು ಅಚ್ಚು ಹಾಕಿ ಕೊಡಬಲ್ಲದು. ಅದರ ಕಾವನ್ನೂ ಬಿಗಿಯನ್ನೂ ಕೊಡಬೇಕಾದವರು ಮನೆಯವರು. ಬಾಣಲೆಯ ಮುಂದೆ ನಿಂತ ತಾಯಿ, ಸೂಜಿ ಹಿಡಿದ ಅಜ್ಜಿ ತಮ್ಮ ಕೆಲಸದ ಹೆಸರನ್ನು ಕನ್ನಡದಲ್ಲಿ ಹೇಳುತ್ತ ಮಕ್ಕಳ ಕೈಗೂ ಆ ಕೆಲಸವನ್ನು ಕೊಟ್ಟರೆ ಸಾಕು. ಹಾಗೆ ಕಲಿತ ಮಾತನ್ನು ಮಕ್ಕಳು ಮರೆಯಲಾರರು.