ಕ್ಯಾಮೆರಾದ ಮೈಮೇಲಿನ ಸವೆತ: ವಯಸ್ಸೋ, ರೋಗವೋ?

ಮಗನಿಗೋ ಮಗಳಿಗೋ ಫೋಟೊ ತೆಗೆಯುವುದನ್ನು ಕಲಿಯಬೇಕೆಂಬ ಆಸೆ ಹುಟ್ಟಿದೆ. ಹೊಸ ಕ್ಯಾಮೆರಾದ ಬೆಲೆ ಕೇಳಿದರೆ ಅಪ್ಪ ಅಮ್ಮನ ಎದೆ ಧಸಕ್ಕೆನ್ನುತ್ತದೆ. ಉಳಿಯುವ ದಾರಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಅಂಗಡಿಯವರು ಒಂದೇ ಮಾದರಿಯ ಎರಡನ್ನು ಮುಂದಿಡುತ್ತಾರೆ. ಒಂದು ಫಳಫಳ ಹೊಳೆಯುತ್ತಿದೆ. ಇನ್ನೊಂದರ ಮೂಲೆಗಳಲ್ಲಿ ಕಪ್ಪು ಬಣ್ಣ ಹೋಗಿ ಲೋಹ ಇಣುಕುತ್ತಿದೆ, ಬೆಲೆಯೂ ಕಡಿಮೆ. ಹೆಚ್ಚಿನವರ ಕೈ ಹೊಳೆಯುವುದರತ್ತಲೇ ಹೋಗುತ್ತದೆ. ಆದರೆ ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಕ್ಯಾಮೆರಾಕ್ಕೂ ಒಪ್ಪುತ್ತದೆ. ದುಡ್ಡು ಕೊಡುವ ಮುನ್ನ ಯಾವ ಸವೆತ ಬರೀ ವಯಸ್ಸಿನದು, ಯಾವುದು ರೋಗದ್ದು ಎಂದು ತಿಳಿದಿರಬೇಕು.

ಸವೆತ ಹೇಳುವ ಕಥೆ

ಕ್ಯಾಮೆರಾದ ಹೊರಮೈಗೆ ಮುಖ್ಯ ಕೆಲಸ ಎರಡು. ಒಳಗೆ ಬೆಳಕು ನುಸುಳದಂತೆ ತಡೆಯುವುದು. ಲೆನ್ಸನ್ನೂ ಫಿಲ್ಮ್ ಅಥವಾ ಸೆನ್ಸರನ್ನೂ ನಿಗದಿತ ಅಂತರದಲ್ಲಿ ಹಿಡಿದಿಡುವುದು. ಹೊರಗಿನ ಬಣ್ಣಕ್ಕೂ ಇವೆರಡಕ್ಕೂ ಸಂಬಂಧವಿಲ್ಲ.

1959ರಲ್ಲಿ ಬಂದ ನಿಕಾನ್ ಎಫ್‌ನಂಥ ಕ್ಯಾಮೆರಾಗಳ ಮೇಲ್ಭಾಗ ಹಿತ್ತಾಳೆಯದು. ಬೆರಳು, ಚೀಲ, ಕೊರಳಪಟ್ಟಿ ವರ್ಷಗಟ್ಟಲೆ ಉಜ್ಜಿದಾಗ ಕಪ್ಪು ಬಣ್ಣ ಸವೆದು ಹಳದಿ ಲೋಹ ಕಾಣುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ. ಆದ್ದರಿಂದ ಈ ಸವೆತದಿಂದ ಅಪಾಯವಿಲ್ಲ. ಇದನ್ನು ಮೆಚ್ಚುವವರೂ ಇದ್ದಾರೆ! 2015ರಲ್ಲಿ ಲೈಕಾ ಕಂಪನಿ ಸಂಗೀತಗಾರ ಲೆನ್ನಿ ಕ್ರಾವಿಟ್ಜ್ ವಿನ್ಯಾಸದ 125 ಹೊಸ ಕ್ಯಾಮೆರಾ ಸೆಟ್‌ಗಳನ್ನು ಬೇಕೆಂದೇ ಬಣ್ಣ ಸವೆಸಿ ಮಾರಾಟಕ್ಕಿಟ್ಟಿತು.

ಎಲ್ಲವೂ ಹಿತ್ತಾಳೆಯಲ್ಲ. 1976ರ ಕ್ಯಾನನ್ ಎಇ-1ರ ಮೇಲ್ಭಾಗ ಲೋಹದಂತೆ ಕಂಡರೂ ಲೋಹದ ಲೇಪವಿರುವ ಪ್ಲಾಸ್ಟಿಕ್. ಇಂದಿನ ಅನೇಕ ಡಿಜಿಟಲ್ ಕ್ಯಾಮೆರಾಗಳೂ ಪ್ಲಾಸ್ಟಿಕ್ಕಿನವೇ. ಕೈ ತಾಗಿ ತಾಗಿ ಅವು ನುಣುಪಾಗಿ ಮಿರುಗುತ್ತವೆ. ಅದೂ ರೋಗವಲ್ಲ.

ರೋಗದ ಲಕ್ಷಣಗಳು

ಹಾಗಾದರೆ ಅನುಮಾನಿಸಬೇಕಾದದ್ದು ಯಾವುದನ್ನು? ಮೊದಲನೆಯದು ನೆಗ್ಗು. ಉಜ್ಜಿದ ಗುರುತು ಬಳಕೆಯದು, ನೆಗ್ಗು ಬಿದ್ದದ್ದರ ಗುರುತು. ಬಿದ್ದಾಗ ಲೆನ್ಸ್ ಕೂರುವ ಜಾಗ ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಬದಿ ಮಸುಕಾಗಬಹುದು. ಎರಡನೆಯದು ಸ್ಕ್ರೂಗಳ ತಲೆ. ಅವು ಕಿತ್ತುಹೋಗಿದ್ದರೆ ಪಳಗದ ಕೈ ಒಳಹೊಕ್ಕಿದೆ ಎಂದರ್ಥ.

ಮೂರನೆಯದು ಬ್ಯಾಟರಿ ಗೂಡು. ಆಲ್ಕಲೈನ್ ಸೆಲ್ ಸೋರಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಪುಡಿಯಾಗುತ್ತದೆ. ಇದು ಪ್ರತ್ಯಾಮ್ಲ. ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿದರೆ ತಟಸ್ಥವಾಗುತ್ತದೆ. ಶಾಲೆಯಲ್ಲಿ ಓದಿದ ಆಮ್ಲ-ಪ್ರತ್ಯಾಮ್ಲದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬರಿಗೈಯಿಂದ ಮುಟ್ಟಬೇಡಿ. ಪುಡಿ ಸ್ವಲ್ಪವಿದ್ದರೆ ಸರಿ, ತಂತಿಯೇ ಹಸಿರಾಗಿದ್ದರೆ ಬೇರೆ ಕ್ಯಾಮೆರಾ ಹುಡುಕಿ.

ಹಳೆಯ ಕ್ಯಾಮೆರಾಗಳ ಚರ್ಮದ ಹೊದಿಕೆಯಲ್ಲಿ ಪುಟ್ಟ ಗುಳ್ಳೆಗಳಿದ್ದರೆ ಗಾಬರಿ ಬೇಡ. ಅಡಿಯ ಹಿತ್ತಾಳೆ ಕಿಲುಬು ಹಿಡಿದು ಉಬ್ಬಿದೆ, ಅಷ್ಟೆ. ನಮ್ಮ ಹಿತ್ತಾಳೆ ಪಾತ್ರೆಗಳಲ್ಲಿ ಕಾಣುವ ಹಸಿರು ಕಿಲುಬೇ ಅದು.

ಶುಚಿ ಮಾಡುವುದು ಹೇಗೆ?

ಮೊದಲು ಬ್ಯಾಟರಿ ತೆಗೆಯಿರಿ. ಮೆತ್ತನೆಯ ಬ್ರಷ್‌ನಿಂದ ಧೂಳು ಝಾಡಿಸಿದ ಮೇಲೆಯೇ ಬಟ್ಟೆ ಮುಟ್ಟಿಸಿ. ಧೂಳಿನಲ್ಲಿರುವ ಮರಳಿನ ಕಣ ಗಾಜಿಗಿಂತ ಗಟ್ಟಿ. ಮೊದಲೇ ಒರೆಸಿದರೆ ಅದೇ ಗೀರುತ್ತದೆ. ನಂತರ ತುಸು ಒದ್ದೆಯಾದ ಬಟ್ಟೆ ಸಾಕು. ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ಹತ್ತಿರ ಸುಳಿಯಬಾರದು, ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಕೆಲವು ಕ್ಯಾಮೆರಾಗಳ ಮೆತ್ತನೆಯ ಲೇಪ ತೇವಾಂಶದಿಂದ ಒಡೆದು ಅಂಟಂಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸೋಂಕಿಸಿದ ಬಟ್ಟೆಯಿಂದ ಅದು ಹೋಗುತ್ತದೆ. ಆದರೆ ಅಕ್ಷರಗಳೂ ಅಳಿಸಬಹುದು, ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಎದ್ದ ಹೊದಿಕೆಗೆ ಸೂಪರ್ ಗ್ಲೂ ಬೇಡ. ಅದರ ಆವಿ ಸುತ್ತಲೂ ಬಿಳಿ ಮಬ್ಬು ಕೂರಿಸುತ್ತದೆ. ಸವೆದ ಜಾಗಕ್ಕೆ ಬಣ್ಣ ಬಳಿಯುವುದೂ ಬೇಡ. ಕೊಳ್ಳುವವರು ಅದನ್ನು ನೋಡಿ, ಏನನ್ನೋ ಮುಚ್ಚಿದ್ದಾರೆಂದೇ ತಿಳಿಯುತ್ತಾರೆ.

ಕೊನೆಗೆ, ಹೊಳೆಯುವ ಕ್ಯಾಮೆರಾ ವರ್ಷಗಟ್ಟಲೆ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಕುಳಿತಿದ್ದಿರಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅಂಥ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಲೇಪವನ್ನೂ ತಿನ್ನುತ್ತದೆ. ಟಾರ್ಚ್ ಹಿಡಿದು ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಫಿಲ್ಮ್ ಕ್ಯಾಮೆರಾ ಆದರೆ ಹಿಂಬಾಗಿಲು ತೆರೆದು, ಬೆಳಕಿಗೆ ಹಿಡಿದು ಶಟರನ್ನು ಎಲ್ಲ ವೇಗಗಳಲ್ಲಿ ಒತ್ತಿ ನೋಡಿ. ಡಿಜಿಟಲ್ ಆದರೆ ಅಂಗಡಿಯಲ್ಲೇ ಬಿಳಿ ಗೋಡೆಯ ಚಿತ್ರ ತೆಗೆದು ಕಲೆಗಳಿವೆಯೇ ಪರೀಕ್ಷಿಸಿ. ಕೆಲವು ದಿನಗಳಲ್ಲಿ ಹಿಂದಿರುಗಿಸುವ ಷರತ್ತನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಇವೆಲ್ಲದರಲ್ಲಿ ಗೆದ್ದದ್ದು ಮೂಲೆ ಸವೆದ ಕ್ಯಾಮೆರಾವೇ ಆದರೆ ಅದನ್ನೇ ಕೊಳ್ಳಿ. ಉಳಿದ ಹಣದಲ್ಲಿ ಮಗುವಿಗೆ ಒಂದು ಟ್ರೈಪಾಡ್ ಕೊಡಿಸಬಹುದು.