ಇಂಗ್ಲಿಷಿನ ಬೋಧಕವಾಚಕ ಪದಗಳು

ಬೋಧಕವಾಚಕ ಪದಗಳು ಎಂದರೆ ಇತರರಿಗೆ ವಿದ್ಯೆಯನ್ನಾಗಲಿ ಕೌಶಲವನ್ನಾಗಲಿ ಕಲಿಸುವ ವ್ಯಕ್ತಿಯನ್ನು ಸೂಚಿಸುವ ನಾಮಪದಗಳು. ಇಂಗ್ಲಿಷ್ ಭಾಷೆಯಲ್ಲಿ ಟೀಚರ್, ಟ್ಯೂಟರ್, ಇನ್‌ಸ್ಟ್ರಕ್ಟರ್, ಟ್ರೇನರ್, ಕೋಚ್, ಲೆಕ್ಚರರ್, ಪ್ರೊಫೆಸರ್, ಮೆಂಟರ್ ಮತ್ತು ಎಜುಕೇಟರ್ ಈ ವರ್ಗದ ಮುಖ್ಯ ಪದಗಳು. ಇವುಗಳ ಅರ್ಥ ಒಂದಕ್ಕೊಂದು ಹತ್ತಿರವಾದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಲು ಸಾಮಾನ್ಯವಾಗಿ ಆಗುವುದಿಲ್ಲ. ಕಲಿಸುವ ಸ್ಥಳ, ಕಲಿಯುವವರ ಸಂಖ್ಯೆ, ಕಲಿಸುವ ವಿಷಯದ ಸ್ವರೂಪ ಮತ್ತು ಹುದ್ದೆಯ ಶ್ರೇಣಿಯನ್ನು ಅವಲಂಬಿಸಿ ಪದದ ಆಯ್ಕೆ ನಿರ್ಧಾರವಾಗುತ್ತದೆ. ಕೆಲವು ಪದಗಳ ಅರ್ಥ ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಉದ್ಯೋಗದ ಅರ್ಜಿ, ಸ್ವವಿವರ ಮತ್ತು ಅನುವಾದಗಳಲ್ಲಿ ಈ ಆಯ್ಕೆಗೆ ವಿಶೇಷ ಮಹತ್ವವಿದೆ.

ವ್ಯುತ್ಪತ್ತಿ

ಟೀಚರ್ ಪದವು ಹಳೆಯ ಇಂಗ್ಲಿಷಿನ, 'ತೋರಿಸು' ಎಂಬ ಅರ್ಥದ ಧಾತುವಿನಿಂದ ಬಂದ ಅಚ್ಚ ಇಂಗ್ಲಿಷ್ ಪದ. ಉಳಿದವುಗಳಲ್ಲಿ ಹೆಚ್ಚಿನವು ಲ್ಯಾಟಿನ್ ಮೂಲದವು. ಟ್ಯೂಟರ್ ಎಂದರೆ ಲ್ಯಾಟಿನ್ನಿನಲ್ಲಿ ರಕ್ಷಕ. ರೋಮನ್ ಕಾನೂನಿನಲ್ಲಿ ಅಪ್ರಾಪ್ತ ವಯಸ್ಕರ ಪೋಷಕನಿಗೆ ಈ ಹೆಸರಿತ್ತು. ಪ್ರೊಫೆಸರ್ ಎಂದರೆ ಬಹಿರಂಗವಾಗಿ ಸಾರುವವನು. ಲೆಕ್ಚರ್ ಪದದ ಮೂಲಾರ್ಥ 'ಓದುವಿಕೆ'. ಮುದ್ರಣ ಬರುವ ಮೊದಲು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಗ್ರಂಥವನ್ನು ಗಟ್ಟಿಯಾಗಿ ಓದಿ ವಿವರಿಸುವುದೇ ಪಾಠಕ್ರಮವಾಗಿತ್ತು.

ಕೋಚ್ ಪದದ ಇತಿಹಾಸ ಕುತೂಹಲಕರವಾದುದು. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಯಿಂದ ಬಂದ ಈ ಪದವು 16ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ದಡ ಮುಟ್ಟಿಸುವ ಖಾಸಗಿ ಪಾಠದವರನ್ನು ತಮಾಷೆಗಾಗಿ ಹೀಗೆ ಕರೆಯತೊಡಗಿದರು. ಕ್ರೀಡಾ ತರಬೇತುದಾರ ಎಂಬ ಅರ್ಥ ಬಂದದ್ದು ಅದರ ನಂತರ. ಬ್ರಿಟನ್ನಿನಲ್ಲಿ ದೂರದೂರಿಗೆ ಹೋಗುವ ಬಸ್ಸಿಗೆ ಇಂದಿಗೂ ಕೋಚ್ ಎಂದೇ ಹೆಸರು.

ಮೆಂಟರ್ ಮೂಲತಃ ಅಂಕಿತನಾಮ. ಹೋಮರನ ಒಡಿಸ್ಸಿ ಮಹಾಕಾವ್ಯದಲ್ಲಿ ಮೆಂಟರ್ ನಾಯಕ ಒಡಿಸ್ಯೂಸನ ಗೆಳೆಯ. ಅಥೀನಾ ದೇವತೆಯು ಅವನ ರೂಪ ಧರಿಸಿ ನಾಯಕನ ಮಗ ಟೆಲಿಮಾಕಸನಿಗೆ ದಾರಿ ತೋರುತ್ತಾಳೆ. ಫ್ರೆಂಚ್ ಲೇಖಕ ಫೆನೆಲಾನ್ 1699ರಲ್ಲಿ ಪ್ರಕಟಿಸಿದ, ಟೆಲಿಮಾಕಸನ ಸಾಹಸಗಳ ಕಥೆಯು ಈ ಹೆಸರನ್ನು ಜನಪ್ರಿಯಗೊಳಿಸಿತು.

ಅರ್ಥಭೇದಗಳು

ಶಾಲೆ ಮತ್ತು ಖಾಸಗಿ ಪಾಠ

ಟೀಚರ್ ಅತ್ಯಂತ ವ್ಯಾಪಕವಾದ ಪದ. ವೃತ್ತಿಯ ಹೆಸರಾಗಿ ಇದು ಶಾಲಾ ಶಿಕ್ಷಕರನ್ನು ಸೂಚಿಸುತ್ತದೆ. ಸಂಗೀತ, ನೃತ್ಯ, ಯೋಗಗಳನ್ನು ಕಲಿಸುವವರಿಗೂ ಅನ್ವಯಿಸುತ್ತದೆ. ಸಂದೇಹವಿದ್ದಾಗ ಬಳಸಬಹುದಾದ ಸುರಕ್ಷಿತ ಪದ ಇದೇ. ಒಬ್ಬರಿಗೆ ಅಥವಾ ಸಣ್ಣ ಗುಂಪಿಗೆ, ಹೆಚ್ಚಾಗಿ ಶಾಲೆಯ ಪಾಠಕ್ಕೆ ಪೂರಕವಾಗಿ ಕಲಿಸುವವರು ಟ್ಯೂಟರ್. ಎಜುಕೇಟರ್ ಔಪಚಾರಿಕ ಪದ. ಇದು ತರಗತಿಯ ಶಿಕ್ಷಕರ ಜೊತೆಗೆ ಶಿಕ್ಷಣ ಕ್ಷೇತ್ರದ ಚಿಂತಕರು ಮತ್ತು ಆಡಳಿತಗಾರರನ್ನೂ ಒಳಗೊಳ್ಳುತ್ತದೆ. ಪೆಡಗಾಗ್ ಪದಕ್ಕೆ ಆಧುನಿಕ ಇಂಗ್ಲಿಷಿನಲ್ಲಿ ಶುಷ್ಕ ಪಾಂಡಿತ್ಯದ, ಅತಿ ಕಟ್ಟುನಿಟ್ಟಿನ ಉಪಾಧ್ಯಾಯ ಎಂಬ ಛಾಯೆಯಿದೆ. ಗೌರವ ಸೂಚಿಸಲು ಅದು ತಕ್ಕ ಪದವಲ್ಲ.

ಕೌಶಲ ಮತ್ತು ಕ್ರೀಡೆ

ನಿಗದಿತ ಪ್ರಾಯೋಗಿಕ ಕೌಶಲವನ್ನು ಹಂತ ಹಂತವಾಗಿ ಕಲಿಸುವವರು ಇನ್‌ಸ್ಟ್ರಕ್ಟರ್. ವಾಹನ ಚಾಲನೆ, ಈಜು, ವಿಮಾನ ಹಾರಾಟ ಕಲಿಸುವವರಿಗೆ ಈ ಪದ ಸಹಜ. ಉದ್ಯೋಗಕ್ಕೆ ಬೇಕಾದ ಕೆಲಸವನ್ನು ಅಭ್ಯಾಸ ಮಾಡಿಸುವವರು ಟ್ರೇನರ್. ಪ್ರಾಣಿಗಳನ್ನು ಪಳಗಿಸುವವರಿಗೂ ಇದೇ ಪದ ಸಲ್ಲುತ್ತದೆ. ಈಗಾಗಲೇ ಕೌಶಲವುಳ್ಳವರ ಸಾಧನೆಯನ್ನು ಹೆಚ್ಚಿಸುವುದು ಕೋಚ್‌ನ ವಿಶೇಷ. ಆದ್ದರಿಂದಲೇ ವಿಶ್ವಶ್ರೇಷ್ಠ ಆಟಗಾರರಿಗೂ ಕೋಚ್ ಇರುತ್ತಾರೆ. ಆದರೆ ಕುದುರೆ ಪಂದ್ಯ ಮತ್ತು ಮುಷ್ಟಿಯುದ್ಧಗಳಲ್ಲಿ ರೂಢಿಯಲ್ಲಿರುವ ಪದ ಟ್ರೇನರ್.

ಮಾರ್ಗದರ್ಶನ

ಮೆಂಟರ್ ತಮ್ಮ ಕ್ಷೇತ್ರದ ಕಿರಿಯರಿಗೆ ಅನುಭವದ ಬಲದಿಂದ ದೀರ್ಘಕಾಲ ಸಲಹೆ ನೀಡುವ ಹಿರಿಯರು. ಈ ಸಂಬಂಧದಲ್ಲಿ ಪಠ್ಯಕ್ರಮವಾಗಲಿ ಪರೀಕ್ಷೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಸಂಸ್ಕೃತದ 'ಗುರು' ಮತ್ತು 'ಪಂಡಿತ' ಪದಗಳೂ ಇಂಗ್ಲಿಷಿಗೆ ಹೋಗಿ ಅರ್ಥಾಂತರ ಹೊಂದಿವೆ. ಇಂಗ್ಲಿಷಿನಲ್ಲಿ ಗುರು ಎಂದರೆ ಧಾರ್ಮಿಕ ಗುರುವಲ್ಲದೆ ಯಾವುದೇ ಕ್ಷೇತ್ರದ ಪ್ರಭಾವಿ ಪರಿಣತ. ಪಂಡಿಟ್ ಎಂದರೆ ಮಾಧ್ಯಮಗಳಲ್ಲಿ ರಾಜಕೀಯ ಅಥವಾ ಕ್ರೀಡೆಯ ವಿಶ್ಲೇಷಣೆ ಮಾಡುವವರು. ಎರಡನೆಯ ಪದದಲ್ಲಿ ಬೋಧನೆಯ ಅರ್ಥ ಬಹುತೇಕ ಅಳಿದುಹೋಗಿದೆ.

ವಿಶ್ವವಿದ್ಯಾಲಯಗಳಲ್ಲಿ ದೇಶಭೇದ

ಅತಿ ಹೆಚ್ಚು ಗೊಂದಲಕ್ಕೆ ಎಡೆಮಾಡುವುದು ವಿಶ್ವವಿದ್ಯಾಲಯದ ಹುದ್ದೆಗಳ ಹೆಸರುಗಳು. ಬ್ರಿಟನ್ನಿನ ಸಾಂಪ್ರದಾಯಿಕ ಶ್ರೇಣಿಯು ಲೆಕ್ಚರರ್, ಸೀನಿಯರ್ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂದು ಸಾಗುತ್ತದೆ. ಅಲ್ಲಿ ಪ್ರೊಫೆಸರ್ ಎಂಬುದು ಎಲ್ಲಕ್ಕಿಂತ ಮೇಲಿನ ಹುದ್ದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಸಿಸ್ಟೆಂಟ್, ಅಸೋಸಿಯೇಟ್ ಮತ್ತು ಪೂರ್ಣ ಪ್ರೊಫೆಸರ್ ಎಂಬ ಮೂರು ಹಂತಗಳಿದ್ದು, ವಿದ್ಯಾರ್ಥಿಗಳು ಕಾಲೇಜಿನಲ್ಲಿ ಪಾಠ ಹೇಳುವ ಬಹುತೇಕ ಎಲ್ಲರನ್ನೂ ಪ್ರೊಫೆಸರ್ ಎನ್ನುತ್ತಾರೆ. ಅಲ್ಲಿ ಲೆಕ್ಚರರ್ ಮತ್ತು ಇನ್‌ಸ್ಟ್ರಕ್ಟರ್ ಎಂಬವು ಹೆಚ್ಚಾಗಿ ಈ ಶ್ರೇಣಿಯ ಹೊರಗಿನ ಅಥವಾ ಕೆಳಗಿನ, ಅನೇಕ ವೇಳೆ ತಾತ್ಕಾಲಿಕವಾದ ಹುದ್ದೆಗಳು. ಹೀಗಾಗಿ ಬ್ರಿಟನ್ನಿನ ಖಾಯಂ ಲೆಕ್ಚರರ್ ಅಮೆರಿಕದಲ್ಲಿ ತಮ್ಮ ಸ್ಥಾನಕ್ಕಿಂತ ಕಡಿಮೆಯವರಾಗಿ ಕಾಣಬಹುದು. ಅಮೆರಿಕದ ಅಸಿಸ್ಟೆಂಟ್ ಪ್ರೊಫೆಸರ್ ಬ್ರಿಟನ್ನಿನಲ್ಲಿ ಬರಿಯ ಪ್ರೊಫೆಸರ್ ಎಂದು ಬರೆದುಕೊಂಡರೆ ಇಲ್ಲದ ಪದವಿಯನ್ನು ಹೇಳಿಕೊಂಡಂತಾಗುತ್ತದೆ.

ಭಾರತದಲ್ಲಿ ಮೊದಲು ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಬ್ರಿಟಿಷ್ ಮಾದರಿಯ ಹೆಸರುಗಳಿದ್ದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಪ್ರೊಫೆಸರ್ ಎಂಬ ಹೆಸರುಗಳಿವೆ. ಕರ್ನಾಟಕದ ಪದವಿಪೂರ್ವ ಕಾಲೇಜುಗಳಲ್ಲಿ ಮಾತ್ರ ಲೆಕ್ಚರರ್ ಎಂಬ ಹೆಸರು ಮುಂದುವರಿದಿದೆ. ಇತರ ದೇಶಗಳಲ್ಲಿ ಈ ವಯಸ್ಸಿನ ಮಕ್ಕಳಿಗೆ ಕಲಿಸುವವರು ಸಾಮಾನ್ಯವಾಗಿ ಟೀಚರ್ ಎನಿಸಿಕೊಳ್ಳುವುದರಿಂದ, ವಿದೇಶದಲ್ಲಿ ಉದ್ಯೋಗ ಅರಸುವ ಪದವಿಪೂರ್ವ ಉಪನ್ಯಾಸಕರು ತಾವು ಕಲಿಸುವ ತರಗತಿಯನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ ಅವರನ್ನು ವಿಶ್ವವಿದ್ಯಾಲಯದ ಅಧ್ಯಾಪಕರೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. 'ಟ್ಯೂಷನ್' ಪದದಲ್ಲೂ ಇಂಥದೇ ಭೇದವಿದೆ. ಭಾರತದಲ್ಲಿ ಅದು ಮನೆಪಾಠವಾದರೆ ಅಮೆರಿಕದಲ್ಲಿ ಕಾಲೇಜಿನ ಬೋಧನಾ ಶುಲ್ಕ.

ವ್ಯಾಕರಣ ಮತ್ತು ಸಂಬೋಧನೆ

'ಇಂಗ್ಲಿಷ್ ಟೀಚರ್' ಎಂಬ ಪದಪುಂಜಕ್ಕೆ ಎರಡು ಅರ್ಥಗಳಿವೆ. ಮಾತಿನಲ್ಲಿ ಮೊದಲ ಪದಕ್ಕೆ ಒತ್ತು ಬಿದ್ದರೆ ಇಂಗ್ಲಿಷ್ ಕಲಿಸುವ ಶಿಕ್ಷಕ ಎಂದೂ, ಎರಡನೆಯ ಪದಕ್ಕೆ ಬಿದ್ದರೆ ಇಂಗ್ಲೆಂಡಿನವರಾದ ಶಿಕ್ಷಕ ಎಂದೂ ಅರ್ಥವಾಗುತ್ತದೆ. ಬರವಣಿಗೆಯಲ್ಲಿ 'ಟೀಚರ್ ಆಫ್ ಇಂಗ್ಲಿಷ್' ಎಂದು ಬರೆದರೆ ಸಂದಿಗ್ಧತೆ ಉಳಿಯುವುದಿಲ್ಲ. ಹುದ್ದೆಯ ಹೆಸರಿನಲ್ಲಿ ಪ್ರೊಫೆಸರ್ ಪದದೊಡನೆ 'ಆಫ್' ಬಂದರೆ ಲೆಕ್ಚರರ್ ಪದದೊಡನೆ 'ಇನ್' ಬರುತ್ತದೆ.

ಭಾರತದ ಶಾಲಾಮಕ್ಕಳು ಶಿಕ್ಷಕಿಯನ್ನು 'ಟೀಚರ್' ಎಂದು ಕರೆಯುವುದು ಸಾಮಾನ್ಯ. ಬ್ರಿಟನ್ನಿನ ಮಕ್ಕಳು 'ಸರ್' ಅಥವಾ 'ಮಿಸ್' ಎಂದು ಕರೆದರೆ, ಅಮೆರಿಕದಲ್ಲಿ ಮಿಸ್ಟರ್, ಮಿಸೆಸ್ ಮುಂತಾದವುಗಳೊಡನೆ ಕುಲನಾಮ ಬಳಸುವುದು ವಾಡಿಕೆ. ಪ್ರೊಫೆಸರ್ ಮತ್ತು ಕೋಚ್ ಪದಗಳು ಸಂಬೋಧನೆಗೆ ಸಲ್ಲುತ್ತವೆ. ಲೆಕ್ಚರರ್, ಇನ್‌ಸ್ಟ್ರಕ್ಟರ್, ಮೆಂಟರ್ ಪದಗಳು ಸಾಮಾನ್ಯವಾಗಿ ಸಲ್ಲುವುದಿಲ್ಲ.

ಕನ್ನಡದ ಸಮಾನಪದಗಳು

ಕನ್ನಡದಲ್ಲಿ ಟೀಚರ್‌ಗೆ ಶಿಕ್ಷಕ ಅಥವಾ ಉಪಾಧ್ಯಾಯ, ಲೆಕ್ಚರರ್‌ಗೆ ಉಪನ್ಯಾಸಕ, ಪ್ರೊಫೆಸರ್‌ಗೆ ಪ್ರಾಧ್ಯಾಪಕ, ಟ್ರೇನರ್ ಮತ್ತು ಕೋಚ್ ಎರಡಕ್ಕೂ ತರಬೇತುದಾರ, ಮೆಂಟರ್‌ಗೆ ಮಾರ್ಗದರ್ಶಕ ಎಂಬ ಪದಗಳು ಬಳಕೆಯಲ್ಲಿವೆ. ಅಸಿಸ್ಟೆಂಟ್ ಪ್ರೊಫೆಸರ್ ಸಹಾಯಕ ಪ್ರಾಧ್ಯಾಪಕ, ಅಸೋಸಿಯೇಟ್ ಪ್ರೊಫೆಸರ್ ಸಹ ಪ್ರಾಧ್ಯಾಪಕ. ಆಡುಮಾತಿನ 'ಮೇಷ್ಟ್ರು' ಇಂಗ್ಲಿಷಿನ ಮಾಸ್ಟರ್ ಪದದ ರೂಪಾಂತರ. ಆದರೆ ಅದರಲ್ಲಿರುವ ಗೌರವ ಮತ್ತು ಆತ್ಮೀಯತೆಗಳನ್ನು ಇಂಗ್ಲಿಷಿಗೆ ಮರಳಿ ತರಬಲ್ಲ ಒಂದೇ ಪದ ಆ ಭಾಷೆಯಲ್ಲಿಲ್ಲ. ಅನುವಾದಕರು ಸಂದರ್ಭಕ್ಕೆ ತಕ್ಕಂತೆ ಟೀಚರ್ ಎಂದೋ ಸ್ಕೂಲ್‌ಮಾಸ್ಟರ್ ಎಂದೋ ಬಳಸಬೇಕಾಗುತ್ತದೆ.

ಇವನ್ನೂ ನೋಡಿ

- ಶಿಕ್ಷಕ
- ಪ್ರಾಧ್ಯಾಪಕ
- ಗುರು
- ಭಾರತೀಯ ಇಂಗ್ಲಿಷ್